ಗಡಿಕಲ್ಲು ಕಿತ್ತ ಮೇಲೆ ಅಳತೆ: ಮಿನಿಯೇಚರ್ ಆಟದ ತಪ್ಪು ನಡೆಗಳು

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನವರಿಗೆ ಗಡಿ ತಕರಾರು ಹೊಸತಲ್ಲ. ಅಡಕೆ ತೋಟದ ಮೂಲೆಯ ಗಡಿಕಲ್ಲು ಕಿತ್ತ ಮೇಲೆ ಸರ್ವೆಯವರನ್ನು ಕರೆಸಿದರೆ ಅವರು ಎಲ್ಲಿಂದ ಅಳೆಯಬೇಕು ಮಾರಾಯ್ರೆ? ಮಿನಿಯೇಚರ್ ಆಟ ಅಂದರೆ ಪುಟ್ಟ ಸೈನಿಕ ಗೊಂಬೆಗಳನ್ನು ಮೇಜಿನ ಮೇಲೆ ಇಂಚು ಅಳೆದು ನಡೆಸಿ, ಗುಂಡಿನ ಫಲಕ್ಕೆ ದಾಳ ಹಾಕುವ ಯುದ್ಧದಾಟ; ಅದರ ಮೇಜಿನ ಜಗಳ ಹೆಚ್ಚಾಗಿ ಇದೇ ಜಾತಿಯದ್ದು. ನಿಯಮ ಇಬ್ಬರಿಗೂ ಗೊತ್ತುಂಟು. ಕಾಯಿ ಮೊದಲು ಎಲ್ಲಿತ್ತು ಎಂಬುದಕ್ಕೆ ಸಾಕ್ಷಿ ಇಲ್ಲ.

ಚೆಸ್ಸಿಗೆ 64 ಮನೆ ಉಂಟು, ನಡೆ ಬರೆದಿಡುವ ಹಾಳೆ ಉಂಟು. ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದಲ್ಲಿ ತಪ್ಪು ನಡೆ ಸಿಕ್ಕಿಬಿದ್ದರೆ ಅದಕ್ಕೆ ಮೊದಲಿನ ಸ್ಥಿತಿಗೆ ಆಟ ಹಿಂದೆ ಹೋಗುತ್ತದೆ, ಎದುರಾಳಿಗೆ 2 ನಿಮಿಷ ಹೆಚ್ಚು ಸಿಗುತ್ತದೆ. ತಪ್ಪು ಮಾಡಿದವನೇ ಎರಡನೇ ಸಲವೂ ಮಾಡಿದರೆ ಸಾಮಾನ್ಯವಾಗಿ ಸೋತ. ನಮ್ಮ ಚೆನ್ನೆಮಣೆಗಾದರೂ 14 ಗುಳಿ ಉಂಟು. ಇಲ್ಲಿ ಮನೆಯೂ ಇಲ್ಲ, ಗುಳಿಯೂ ಇಲ್ಲ, ಇಂಚು ಟೇಪ್ ಒಂದೇ.

ಹಾಗಾಗಿ ಕಾಯಿ ಎತ್ತುವ ಮೊದಲು ಅದರ ಬೇಸಿನ, ಅಂದರೆ ಕಾಯಿ ನಿಂತಿರುವ ತಳದ ಬಿಲ್ಲೆಯ, ಹಿಂದಂಚಿಗೆ ತಾಗಿಸಿ ಒಂದು ದಾಳ ಇಡಿ. ಹತ್ತು ಕಾಯಿಗಳ ಪಡೆಯಾದರೆ ಎಲ್ಲದಕ್ಕೂ ಬೇಡ, ತೀರಾ ಮುಂದಿನದಕ್ಕೆ ಮತ್ತು ತೀರಾ ಹಿಂದಿನದಕ್ಕೆ ಸಾಕು. ಅಳೆಯುವಾಗ ಹಿಂದಂಚಿನಿಂದ ಹಿಂದಂಚಿಗೆ, ಇಲ್ಲವೇ ಮುಂದಂಚಿನಿಂದ ಮುಂದಂಚಿಗೆ. ಮುಂದಂಚಿನಿಂದ 6 ಇಂಚು ಟೇಪ್ ಎಳೆದು, ಟೇಪಿನ ತುದಿಯಾಚೆ ಕಾಯಿ ಇಟ್ಟರೆ ಬೇಸಿನ ಅಗಲವೂ ನಡೆಗೆ ಸೇರಿತು. 32 ಮಿಲಿಮೀಟರ್ ಬೇಸ್ ಅಂದರೆ ಒಂದೂಕಾಲು ಇಂಚು. ಆರು ಇಂಚಿನ ಕಾಯಿ ಏಳೂಕಾಲು ಇಂಚು ಓಡಿತು, ಅದೂ ಯಾವ ಕಪಟವೂ ಇಲ್ಲದೆ.

ಮೂಲೆ ತಿರುಗುವಲ್ಲಿ ಇನ್ನೊಂದು. ಗೋಡೆಯ ಉದ್ದಕ್ಕೆ 4 ಇಂಚು, ತಿರುಗಿ 3 ಇಂಚು: ಒಟ್ಟು 7. ನಡೆ ಮುಗಿದ ಮೇಲೆ ಓರೆಯಾಗಿ ಅಳೆದರೆ 5 ತೋರಿಸುತ್ತದೆ, ಇಬ್ಬರೂ ತಾವೇ ಸರಿ ಅನ್ನುತ್ತಾರೆ. ಕಾಯಿ ಹೋದ ದಾರಿಯಲ್ಲೇ ಅಳೆಯಬೇಕು. ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆ ಅಂತ ಅದನ್ನು ಬಡಿದು ಬಿಗಿ ಮಾಡಬೇಡಿ; ಒತ್ತಿ ಅಳೆದರೂ ಸಿಕ್ಕಿಸಿ ಅಳೆದರೂ ಲೆಕ್ಕ ಒಂದೇ ಬರಲಿ ಅಂತಲೇ ಅದನ್ನು ಸಡಿಲ ಬಿಟ್ಟಿರುವುದು.

ನಮ್ಮಲ್ಲಿ ಮಾತ್ರ ಆಗುವ ಒಂದು ಜಗಳ ಉಂಟು. ವಾರ್‌ಹ್ಯಾಮರ್ 40,000 ಎಂಬ ಮಿನಿಯೇಚರ್ ಆಟದ ಇಂಗ್ಲಿಷ್ ನಿಯಮ ಪುಸ್ತಕದಲ್ಲಿ ‘ವಿದಿನ್’ ಬೇರೆ, ‘ಹೋಲ್ಲಿ ವಿದಿನ್’ ಬೇರೆ. ಮೊದಲನೆಯದಕ್ಕೆ ಬೇಸಿನ ಯಾವುದಾದರೂ ಒಂದು ಅಂಚು ಹೇಳಿದ ದೂರದ ಗಡಿ ಮುಟ್ಟಿದರೆ ಸಾಕು, ಎರಡನೆಯದಕ್ಕೆ ಪೂರಾ ಬೇಸ್ ಒಳಗಿರಬೇಕು. ಕನ್ನಡದಲ್ಲಿ ನಾವು ಎರಡಕ್ಕೂ ‘ಒಳಗೆ’ ಅಂದುಬಿಡುತ್ತೇವೆ, ಮಲಯಾಳದಲ್ಲಿ ಮಾತಾಡುವವರು ‘ಉಳ್ಳಿಲ್’ ಅನ್ನುತ್ತಾರೆ. ‘ತಾಗಿದರೆ ಸಾಕು’, ‘ಪೂರಾ ಒಳಗೆ’ ಅಂತ ಬಿಡಿಸಿ ಹೇಳಿದರೆ ಅರ್ಧ ಗಲಾಟೆ ಹುಟ್ಟುವುದೇ ಇಲ್ಲ.

ಇಷ್ಟಾದರೂ ತಕರಾರು ಬಂತು ಅನ್ನಿ. ಮೊದಲು ನಾಲ್ಕೂ ಕೈ ಮೇಜಿನಿಂದ ಹೊರಗೆ. ಸಿಟ್ಟಿನಲ್ಲಿ ಕಾಯಿ ಸರಿಸಿ ‘ಇಲ್ಲಿತ್ತು’ ಅಂತ ತೋರಿಸುವವನು ಇದ್ದ ಒಂದು ಸಾಕ್ಷಿಯನ್ನೂ ಅಳಿಸುತ್ತಾನೆ. ಆಮೇಲೆ ಒಂದೇ ಪ್ರಶ್ನೆ: ಆ ನಡೆಯ ನಂತರ ದಾಳ ಉರುಳಿತೇ? ಉರುಳದಿದ್ದರೆ ಕಾಯಿ ವಾಪಸು, ನಡೆ ಹೊಸತಾಗಿ. ಉರುಳಿದ್ದರೆ ಹೆಚ್ಚಾದಷ್ಟನ್ನು ಮಾತ್ರ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಿರಿ, ಪೂರ್ತಿ ನಡೆಯನ್ನು ಮತ್ತೆ ಆಡಲು ಬಿಡಬೇಡಿ. ದಾಳದ ಫಲ ಕಂಡವನು ಬೇರೆ ದಾರಿ ಹುಡುಕುತ್ತಾನೆ.

ಉದಾಹರಣೆಗೆ 24 ಇಂಚು ದೂರಕ್ಕೆ ಹಾರುವ ಬಂದೂಕು, ಒಬ್ಬ ಒಂದು ಇಂಚು ಹೆಚ್ಚು ನಡೆದು ಹಾರಿಸಿ ಎದುರಾಳಿಯ ಮೂರು ಕಾಯಿ ಬೀಳಿಸಿದ. ಒಂದಿಂಚು ಹಿಂದೆಳೆದ ಮೇಲೂ ಗುರಿ 24ರ ಒಳಗೆ ಬಂದರೆ, ನಡುವೆ ಮರೆಯೂ ಇಲ್ಲದಿದ್ದರೆ, ಬಿದ್ದವರು ಬಿದ್ದರು, ಸ್ಥಾನ ಮಾತ್ರ ತಿದ್ದುಪಡಿ. ಬಾರದಿದ್ದರೆ ಆ ಗುಂಡು ಲೆಕ್ಕಕ್ಕಿಲ್ಲ, ಮೂರೂ ಕಾಯಿ ಎದ್ದು ನಿಲ್ಲಬೇಕು. ಎದುರಾಳಿಯ ಸರದಿ ಶುರುವಾಗಿದ್ದರೆ ನನ್ನ ಮಟ್ಟಿಗೆ ಆ ಬಾಗಿಲು ಮುಚ್ಚಿತು. ಕಠಿಣ ಅನ್ನಿಸಬಹುದು, ಆದರೆ ಎರಡು ಸರದಿ ಹಿಂದಿನದನ್ನು ಅಗೆದರೆ ಆಟ ಮುಗಿಯುವುದಿಲ್ಲ.

ಇಬ್ಬರೂ ದಾಳ ಹಾಕಿ ಹೆಚ್ಚು ಬಿದ್ದವನ ಮಾತು ನಡೆಯಲಿ ಅನ್ನುವ ಪದ್ಧತಿ ಉಂಟಲ್ಲ, ಅದು ಪುಸ್ತಕ ತಿರುವಿ ಎರಡು ನಿಮಿಷದಲ್ಲಿ ಉತ್ತರ ಸಿಗದ ಪ್ರಶ್ನೆಗೆ ಮಾತ್ರ. ಟೇಪಿನಿಂದ ತೀರ್ಮಾನವಾಗುವುದಕ್ಕೆ ದಾಳ ಹಾಕುವುದು ತಪ್ಪು. ಪ್ರಷ್ಯದ ಸೈನ್ಯಕ್ಕೆ ರೈಸ್‌ವಿಟ್ಸ್ 1824ರಲ್ಲಿ ಕೊಟ್ಟ ಯುದ್ಧದಾಟದಲ್ಲೇ ಎರಡೂ ಪಕ್ಷಕ್ಕೆ ಸೇರದ ಒಬ್ಬ ಅಂಪೈರ್ ಇದ್ದ. ನಿಮ್ಮ ರೆಫರಿಯನ್ನೂ ಹಾಗೆ ಮೂರನೇ ಮೇಜಿನಿಂದ ಕರೆಯಿರಿ. ಅವನು ಬರುವ ತನಕ ಗಡಿಯಾರ ನಿಲ್ಲಲಿ, ಫ್ಯಾನೂ ನಿಲ್ಲಲಿ, ಹಗುರದ ಪ್ಲಾಸ್ಟಿಕ್ ಕಾಯಿಗೆ ಅಷ್ಟು ಗಾಳಿಯೂ ಸಾಕು.