102 ಮಾತ್ರೆಗಳ ಡಾಕ್ಟರ್

ಎಲ್ಲರಿಗೂ ಶರಣು ಶರಣಾರ್ಥಿ.

ಈ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯನ್ನು ತಾವು ನೋಡಿರಬಹುದು. ಅದರಲ್ಲಿ ನನ್ನ ಹೆಸರಿಗೆ ಮೊದಲು ಎರಡು ‘ಡಾ.’ಗಳಿವೆ. ಮುದ್ರಣಾಲಯದವರು ಒಂದನ್ನು ಹಾಕಿದರಂತೆ, ಕರಡು ತಿದ್ದಿದವರು ಅದನ್ನು ಗಮನಿಸದೆ ಇನ್ನೊಂದನ್ನು ಸೇರಿಸಿದರಂತೆ. ಜರ್ಮನಿಯಲ್ಲಾಗಿದ್ದರೆ ಇದು ನಡೆಯುತ್ತಿತ್ತು. ಎರಡು ಡಾಕ್ಟರೇಟ್ ಇದ್ದವರ ಹೆಸರನ್ನು ಅಲ್ಲಿ ‘ಡಾ. ಡಾ.’ ಎಂದು ಬರೆಯುವುದುಂಟು. ಕಲಬುರಗಿಯಲ್ಲಿ ಹಾಗೆ ಓದಿದರೆ ಯಾರಿಗೋ ಎದೆನೋವು ಬಂದು ಮನೆಯವರು ಕೂಗುತ್ತಿರುವಂತೆ ಕೇಳಿಸುತ್ತದೆ.

ನಾನು ಛಂದಸ್ಸಿನಲ್ಲಿ ಪಿಎಚ್.ಡಿ. ಮಾಡಿದವನು. ಸುದ್ದಿ ಊರು ಮುಟ್ಟಿದ ವಾರದಲ್ಲೇ ಆಳಂದ ತಾಲ್ಲೂಕಿನಿಂದ ನಮ್ಮ ದೊಡ್ಡವ್ವ ಮಂಡಿನೋವಿನ ಎಕ್ಸ್‌ರೇ ಹಿಡಿದುಕೊಂಡು ಬಂದಳು. ನಾನು ಆ ಡಾಕ್ಟರ್ ಅಲ್ಲ ಎಂದೆ.

“ಮತ್ತೆ ನಿನ್ನ ಕೆಲಸ ಏನು, ತಮ್ಮಾ?”

“ಷಟ್ಪದಿಯಲ್ಲಿ ಮಾತ್ರೆ ಎಣಿಸುವುದು, ದೊಡ್ಡವ್ವ.”

“ಎಷ್ಟು ಮಾತ್ರೆ?”

“ಭಾಮಿನಿಯಾದರೆ 102.”

ಅವಳು ಎಕ್ಸ್‌ರೇಯನ್ನು ಚೀಲದೊಳಗೆ ಇಟ್ಟುಕೊಂಡಳು. “ಅಷ್ಟು ನುಂಗಿದರೆ ಯಾವ ಭಾಮಿನಿ ಉಳಿಯುತ್ತಾಳೆ?” ಎಂದಳು. ಭಾಮಿನಿ ಎಂದರೆ ಹೆಂಗಸು ಎಂಬುದು ಅವಳಿಗೆ ಗೊತ್ತಿತ್ತು. ಗದುಗಿನ ಭಾರತದ ವಾಚನ ಕೇಳಿ ಬೆಳೆದವಳು. ಅವಳು ಅಂದು ಹೇಳಿದ್ದು ಪೆದ್ದುತನವೋ ನನಗೆ ಕೊಟ್ಟ ಪೆಟ್ಟೋ ಎಂಬ ಅನುಮಾನ ಇವತ್ತಿಗೂ ಉಳಿದಿದೆ. ಅವಳ ಊರಿನಲ್ಲಿ ಮೊದಲ ಮರ್ಯಾದೆ ದನದ ಡಾಕ್ಟರಿಗೆ, ಆಮೇಲೆ ಮನುಷ್ಯರ ಡಾಕ್ಟರಿಗೆ. ಮೂರನೆಯ ಜಾಗ ಖಾಲಿ ಇದೆ, ನಾನು ಅದಕ್ಕೆ ಅರ್ಜಿ ಹಾಕಿಲ್ಲ.

ಶಬ್ದದ ಲೆಕ್ಕದಲ್ಲಿ ಗೆಲುವು ನನ್ನದೇ. ‘ಡಾಕ್ಟರ್’ ಲ್ಯಾಟಿನ್ ಮಾತು. ಕಲಿಸುವವನು ಎಂದು ಅರ್ಥ. ಮಧ್ಯಯುಗದ ಯುರೋಪಿನಲ್ಲಿ ಧರ್ಮಶಾಸ್ತ್ರ, ಕಾನೂನು ಬೋಧಿಸುತ್ತಿದ್ದವರೂ ಡಾಕ್ಟರರೇ. ನಮ್ಮ ‘ವೈದ್ಯ’ದ ಒಳಗೆ ವಿದ್ಯೆ ಇದೆ. ಈ ಊರಿನ ಹಳೆಯ ಗಲ್ಲಿಗಳಲ್ಲಿ ಹಿರಿಯರು ಹೇಳುವ ‘ಹಕೀಮ’ನ ಒಳಗೆ ಹಿಕ್ಮತ್, ಅಂದರೆ ವಿವೇಕ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೊಡುವ ‘ನಾಡೋಜ’ದಲ್ಲಿ ಓಜ ಎಂದರೆ ಉಪಾಧ್ಯಾಯ. ಯಾರನ್ನಾದರೂ ‘ನಾಡೋಜ ಡಾ.’ ಎಂದು ಕರೆದರೆ ಮೇಷ್ಟರೇ ಮೇಷ್ಟರೇ ಎಂದು ಎರಡು ಸಲ ಕರೆದಂತೆ. ಭಾರತದ ಎಂ.ಬಿ.ಬಿ.ಎಸ್. ನಿಜದಲ್ಲಿ ಎರಡು ಸ್ನಾತಕ ಪದವಿಗಳ ಜೋಡಿ. ಇಂಗ್ಲೆಂಡಿನ ಶಸ್ತ್ರಚಿಕಿತ್ಸಕರಂತೂ ಕ್ಷೌರಿಕರ ಜೊತೆ ಒಂದೇ ಸಂಘದಲ್ಲಿದ್ದ ಕಾಲದ ನೆನಪಿಗೆ ಇವತ್ತಿಗೂ ‘ಮಿಸ್ಟರ್’ ಎನಿಸಿಕೊಳ್ಳುತ್ತಾರೆ, ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಆದರೆ ನಿಘಂಟಿನಲ್ಲಿ ಗೆದ್ದವನು ಬಾಗಿಲಲ್ಲಿ ಸೋಲುತ್ತಾನೆ. ಹೊಸ ಮನೆಗೆ ನಾಮಫಲಕ ಬರೆಸಿದ್ದೆ, ‘ಡಾ.’ ಕೆಂಪು ಬಣ್ಣದಲ್ಲಿ, ಹೆಸರಿಗಿಂತ ಒಂದು ಗೆರೆ ದಪ್ಪ. ಒಂದು ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದ ಸದ್ದು. ಜ್ವರದಲ್ಲಿ ನಡುಗುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಬ್ಬ ತಂದೆ ನಿಂತಿದ್ದ. ನಾನು ಕನ್ನಡದ ಡಾಕ್ಟರ್ ಎಂದು ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ, ಕನ್ನಡದವರಾದರೆ ಒಳ್ಳೆಯದೇ ಆಯಿತು ಎಂಬಂತೆ ಮಗುವನ್ನು ನನ್ನ ಕಡೆಗೆ ಚಾಚಿದ. ಇಬ್ಬರನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದೆ. ಮಗು ಉಳಿಯಿತು. ನನ್ನ ಬಾಗಿಲಲ್ಲಿ ಅವರು ಕಳೆದ ಹತ್ತು ನಿಮಿಷಗಳಿಗೆ ಆ ಕೆಂಪು ಅಕ್ಷರವೇ ಕಾರಣ. ಮರುದಿನ ಪೇಂಟರನ್ನು ಕರೆಸಿದೆ. ಅಳಿಸುವುದಕ್ಕೂ ಬರೆದಷ್ಟೇ ದುಡ್ಡು ಕೇಳಿದ, ಕೊಟ್ಟೆ.

ಬಿರುದು ನಮ್ಮ ನೆಲಕ್ಕೆ ಹೊಸತೇನಲ್ಲ. ಮಳಖೇಡದ ಅಮೋಘವರ್ಷ ನೃಪತುಂಗನ ಈ ಎರಡೂ ಹೆಸರುಗಳು ಬಿರುದುಗಳೇ. ಶರ್ವ ಎಂಬ ಅವನ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗಷ್ಟೇ ಗೊತ್ತು. ಈ ಊರಿನ ದರ್ಗಾದಲ್ಲಿ ಮಲಗಿರುವ ಸೂಫಿ ಸಂತರ ಹೆಸರು ಸಯ್ಯದ್ ಮುಹಮ್ಮದ್ ಹುಸೇನಿ. ಜನರ ಬಾಯಲ್ಲಿ ಅವರು ಬಂದೇ ನವಾಜ್. ನಿಜಾಮರ ಕಾಲದ ಜಂಗ್, ದೌಲಾ, ಮುಲ್ಕ್‌ಗಳನ್ನು ನಮ್ಮ ಅಜ್ಜಂದಿರು ಕಂಡಿದ್ದರು. ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ಹೊರಗೆ ಹಾಕುವಾಗ ಸೇನೆಯ ಮತ್ತು ವಿದ್ಯೆಯ ಬಿರುದುಗಳನ್ನು ಮಾತ್ರ ಉಳಿಸಿತು. ಹೀಗೆ ಒಳಗೆ ಉಳಿದ ‘ಡಾ.’ ಮೇಲೆ ಈಗ ಎಲ್ಲರ ಕಣ್ಣು. ಗೌರವ ಡಾಕ್ಟರೇಟ್ ಪಡೆದವರು ಅದನ್ನು ಹೆಸರಿಗೆ ಅಂಟಿಸಿಕೊಳ್ಳದಿರುವುದು ಶಿಷ್ಟಾಚಾರ. ಆದರೂ ಸಂಜೆ ಪದವಿ ಬಂದರೆ ಬೆಳಗಾಗುವುದರೊಳಗೆ ವೃತ್ತದಲ್ಲಿ ಫ್ಲೆಕ್ಸ್ ಎದ್ದಿರುತ್ತದೆ. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಗೌರವ ಡಾಕ್ಟರೇಟ್ ಪಡೆದ ರಾಜ್‌ಕುಮಾರರ ಮಾತು ಬೇರೆ, ಅಲ್ಲಿ ‘ಡಾ.’ ಬಿಟ್ಟು ಹೇಳಿದರೆ ಅಭಿಮಾನಿಗಳು ಸುಮ್ಮನಿರುವುದಿಲ್ಲ.

ದುಡಿದು ಎರಡು ಗಳಿಸಿದವರು ಬಾಬಾಸಾಹೇಬ ಅಂಬೇಡ್ಕರ್: 1923ರಲ್ಲಿ ಲಂಡನ್ನಿನ ಡಿ.ಎಸ್ಸಿ., 1927ರಲ್ಲಿ ಕೊಲಂಬಿಯಾದ ಪಿಎಚ್.ಡಿ. ನಮ್ಮ ಜಿಲ್ಲೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, 1953ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟನ್ನೂ ಕೊಟ್ಟಿತು. ಇಲ್ಲಿಯ ಓಣಿಗಳಲ್ಲಿ ಜನ ಅವರನ್ನು ಡಾಕ್ಟರ್ ಎಂದು ಕರೆಯುವುದಕ್ಕಿಂತ ಬಾಬಾಸಾಹೇಬ ಎಂದು ಕರೆಯುವುದೇ ಹೆಚ್ಚು. ಆದರೆ ಆ ‘ಡಾ.’ವನ್ನು ಯಾರಾದರೂ ಬೇಕೆಂದೇ ಬಿಟ್ಟು ಬರೆದರೆ ಅದರ ಹಿಂದಿನ ಮನಸ್ಸು ಕೂಡಲೇ ತಿಳಿಯುತ್ತದೆ.

ಹಾಗಾಗಿ ಎಲ್ಲೆಡೆ ‘ಡಾ.’ ಬಿಡಿ ಎಂದು ನಾನು ಉಪದೇಶ ಮಾಡಲಾರೆ. ಫೋನಿನಲ್ಲಿ “ನಾನು ಡಾಕ್ಟರ್ ಇಂಥವರು” ಎಂದು ಶುರು ಮಾಡುವವರಿಗೆ ನಾನು ನಗುತ್ತೇನೆ, ನಿಜ. ಆಸ್ಪತ್ರೆಯಲ್ಲಿ ಬಿಳಿ ಕೋಟಿನ ಮೇಲೆ ಅದು ಇರಲೇಬೇಕು. ಮುಂದೆ ಕುಳಿತವರಲ್ಲಿ ಯಾರು ವೈದ್ಯರು ಎಂದು ರೋಗಿಗೆ ತಿಳಿಯಬೇಕು. ಇನ್ನೊಂದು ಜಾಗವೂ ಇದೆ. ಆಮಂತ್ರಣ ಪತ್ರಿಕೆಯನ್ನು ಈಗ ಮತ್ತೊಮ್ಮೆ ತೆರೆಯಿರಿ. ಅಧ್ಯಕ್ಷತೆ ವಹಿಸಿರುವ ಮೇಡಂ ಪಿಎಚ್.ಡಿ. ಪಡೆದದ್ದು ನನಗಿಂತ ನಾಲ್ಕು ವರ್ಷ ಮೊದಲು. ಅವರ ಹೆಸರಿಗೆ ಮೊದಲು ‘ಶ್ರೀಮತಿ’ ಎಂದಿದೆ. ಅವರು ಏನೂ ಹೇಳುವುದಿಲ್ಲ, ಈಗಲೂ ನಗುತ್ತಿದ್ದಾರೆ. ಕಾರ್ಯದರ್ಶಿಗಳೇ, ನನ್ನ ಹತ್ತಿರ ಒಂದು ‘ಡಾ.’ ಹೆಚ್ಚಾಗಿ ಬಂದಿದೆ. ಅದು ಅವರದು.