ಎಲ್ಲಾ ಪಾಸ್, ಆದ್ರ ಡಿಗ್ರಿ ಎಲ್ಲೈತಿ?

(ಟೇಬಲ್ ಮ್ಯಾಲ ಕಿರಾಣಿ ಅಂಗಡಿ ಉದ್ರಿ ಪುಸ್ತಕ. ಕೆಂಪು ರಟ್ಟು, ಮೂಲಿ ಸವದೈತಿ.)

ನಮಸ್ಕಾರ್ರೀ. ಹೋದ ತಿಂಗಳ ಎಂಜಿನಿಯರಿಂಗ್ ಓದಿದ ನಮ್ಮ ಅಕ್ಕನ ಮಗ ಬಾಗಲಕೋಟಿಂದ ಫೋನ್ ಮಾಡಿದ. "ಮಾಮಾ, ಎಂಟೂ ಸೆಮ್ ಪಾಸ್, ಒಂದೂ ಬ್ಯಾಕ್ ಇಲ್ಲ. ಕಂಪನಿಯವ್ರು ಗ್ರೇಡ್ ಕಾರ್ಡ್ ತಾ ಅನ್ನಾಕತ್ತಾರ, ಎಂಟನೇ ಸೆಮ್‌ದು ಬರವಲ್ದು!"

ಖರೇ ಹೇಳ್ಬೇಕಂದ್ರ, ನಂಗ ಮೊದಲು ಅನಿಸಿದ್ದು, ಈ ಮಗ ಎಲ್ಲೋ ಒಂದು ಬ್ಯಾಕ್, ಅಂದ್ರ ಫೇಲಾದ ಸಬ್ಜೆಕ್ಟ್, ಮುಚ್ಚಿಟ್ಟಾನ ಅಂತ. ಇದ್ದ ಮಾರ್ಕ್ಸ್ ಕಾರ್ಡ್, ಎಂಟನೇ ಸೆಮ್ ರಿಸಲ್ಟ್, ಎಲ್ಲಾ ಫೋಟೋ ಹೊಡದು ಕಳಿಸು ಅಂದೆ. ಕಳಿಸಿದ. ಹುಡುಗ ಸುಳ್ಳು ಹೇಳಿದ್ದಿಲ್ಲ. ಹಂಗಾರ ಡಿಗ್ರಿ ಎಲ್ಲಿ ಸಿಕ್ಕೊಂಡೈತಿ?

ಬೇಸಿಕ್ ಲಗೂನ ಮುಗಿಸ್ತೀನಿ. ವಿಟಿಯು, ಅಂದ್ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 1998ರಾಗ ಶುರು ಆಗಿದ್ದು. ಅದರ ಮುಖ್ಯ ಕಚೇರಿ ಇಲ್ಲೇ ನಮ್ಮ ಬೆಳಗಾವಿ ಮಚ್ಛೆ ಕಡೆ, ಜ್ಞಾನ ಸಂಗಮ. ನಾ ಇವತ್ತು ಹೇಳೋ ಅಂಕಿ ಅದರ 2022ರ ಸ್ಕೀಮ್ (ಪಠ್ಯಕ್ರಮ) ಬಿ.ಇ.ದು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಬಿ.ಎ., ಬಿ.ಕಾಂ. ಮಂದಿ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದ ತಂಗ್ಯಾರು, ನಿಮ್ಮ ಅಂಕಿ ಬ್ಯಾರೆ ಇರ್ತಾವ. ಆಟ ಮಾತ್ರ ಒಂದ.

ಡಿಗ್ರಿಗೆ 160 ಕ್ರೆಡಿಟ್ ಬೇಕು. ಒಂದು ಸೆಮಿಸ್ಟರ್ ಪೂರ್ತಿ ವಾರಕ್ಕ ಒಂದು ತಾಸು ಪಾಠ ಕೇಳಿ ಪಾಸಾದ್ರ ಒಂದು ಕ್ರೆಡಿಟ್. ಲ್ಯಾಬ್ ಆದ್ರ ಎರಡು ತಾಸಿಗೆ ಒಂದು. ನಮ್ಮ ಕಡೆ ಕ್ರೆಡಿಟ್ ಅಂದ್ರ ಉದ್ರಿ ಅಲ್ರೀ? ಇಲ್ಲಿ ಉಲ್ಟಾ. ಕ್ರೆಡಿಟ್ ಅಂದ್ರ ಗಳಿಕಿ, ಬ್ಯಾಕ್ ಅಂದ್ರ ಉದ್ರಿ. ಬೇಸಿಕ್ ಮುಗೀತು.

ನಮ್ಮ ಹುಡುಗಂದು 160 ಕ್ರೆಡಿಟ್ ಭರ್ತಿ. ಉದ್ರಿ ಸೊನ್ನಿ. ಸಿಕ್ಕೊಂಡಿದ್ದು ಎಲ್ಲಿ ಅಂದ್ರ, ಆಕ್ಟಿವಿಟಿ ಪಾಯಿಂಟ್ಸ್!

ಪಾಠದ ಹೊರಗ ಊರಿಗೆ ಉಪಯೋಗ ಆಗೋ ಕೆಲಸ ಮಾಡಿ, ನಾಲ್ಕು ವರ್ಷದಾಗ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕ ಬಂದವ್ರಿಗೆ 75. ಇದರಿಂದ ಸಿಜಿಪಿಎ, ಅಂದ್ರ ಎಲ್ಲಾ ಸೆಮ್ ಕೂಡಿದ ಸರಾಸರಿ ಗ್ರೇಡ್, ಒಂದು ಕೂದಲೆಳಿಯಷ್ಟೂ ಏರೂದಿಲ್ಲ, ಇಳಿಯೂದಿಲ್ಲ. ಅದಕ್ಕ ಯಾರೂ ಇದನ್ನ ಲೆಕ್ಕಕ್ಕ ಹಿಡಿಯೂದಿಲ್ಲ. ಆದ್ರ ಪಾಯಿಂಟ್ ತುಂಬೋತನಕ ಎಂಟನೇ ಸೆಮ್ ಗ್ರೇಡ್ ಕಾರ್ಡ್ ಬಿಡೂದಿಲ್ಲ. ಆ ಕಾರ್ಡ್ ಇಲ್ಲಂದ್ರ ಡಿಗ್ರಿನೂ ಇಲ್ಲ.

ಕಬ್ಬು ಬೆಳಿಯೋ ಮನಿ ಹುಡುಗ್ರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ವರ್ಷಗಟ್ಲೆ ನೀರು ಹಾಸಿ, ಗೊಬ್ಬರ ಹಾಕಿ, ಬೆಳಿ ತಲಿ ಮೀರಿ ನಿಂತೈತಿ. ಫ್ಯಾಕ್ಟರಿ ಚಾಲೂ ಆಗೈತಿ. ಕಡಿಯೋ ಗ್ಯಾಂಗ್ ಬಂದಿಲ್ಲ! ಅಪ್ಪ ದಿನಾ ಮುಂಜಾನೆ ಬದುವಿನ ಮ್ಯಾಲ ನಿಂತು ರೋಡ್ ನೋಡ್ತಾನ. ಮಗ್ಗಲ ಹೊಲದವನ ಟ್ರ್ಯಾಕ್ಟರ್ ಎರಡು ಟ್ರೇಲಿ ತುಂಬ್ಕೊಂಡು, ಟೇಪ್ ಜೋರ್ ಹಚ್ಕೊಂಡು ಮುಂದ ಹೋಗ್ತೈತಿ. ಫೋನ್ ಮಾಡಿದ್ರ ಗ್ಯಾಂಗಿನವ "ನಾಳಿ ಬರ್ತೀವ್ರೀ ಸಾವ್ಕಾರ್ರ" ಅಂತಾನ. ಅವನ ನಾಳಿ ಯಾವ ಕ್ಯಾಲೆಂಡರ್‌ದಾಗೂ ಇಲ್ಲ. ಅಷ್ಟೊತ್ತಿಗೆ ಕಬ್ಬು ಸೂಲಂಗಿ (ಹೂವು) ಬಿಟ್ಟು, ಒಳಗ ಬೆಂಡಾಗಿ, ತೂಕ ಇಳ್ಕೋತ ಹೋಗ್ತೈತಿ. ನಮ್ಮ ಹುಡುಗನ ಡಿಗ್ರಿ ಹಿಂಗ ಹೊಲದಾಗ ಸೂಲಂಗಿ ಬಿಟ್ಟು ನಿಂತಿತ್ತು.

ಮಜಾ ಏನಂದ್ರ, ಈ ಪಾಯಿಂಟ್ ಗಳಿಸೋದು ನಮ್ಮ ಕಡೆಯವ್ರಿಗೆ ಭಾಳ ಸಸಾರ. ಊರ ಸಾಲಿ ಹುಡುಗ್ರಿಗೆ ಓದಾಕ ಸಹಾಯ, ನೀರು ಉಳಿಸೋ ಕೆಲಸ, ಹಳ್ಳಿ ಮಾಲಿಗೆ ಮಾರ್ಕೆಟ್ ಹುಡುಕೋದು, ಪ್ರವಾಸೋದ್ಯಮ, ಎಲ್ಲಾ ಪಟ್ಟಿದಾಗ ಐತಿ. ಬಾದಾಮಿ, ಐಹೊಳಿ, ಪಟ್ಟದಕಲ್ಲು ಮಗ್ಗಲಕ್ಕ ಇಟ್ಕೊಂಡು ಪ್ರವಾಸೋದ್ಯಮಕ್ಕ ಏನ್ ಮಾಡ್ಲಿ ಅಂತ ಕೇಳಿದ್ರ, ಪುಲಿಕೇಶಿ ಎದ್ದು ಬಂದು ಬೈತಾನ. ಶನಿವಾರ, ಭಾನುವಾರ, ಸೂಟಿ, ಯಾವಾಗ ಬೇಕಾದ್ರೂ ಮಾಡಬಹುದು. ಒಂದೊಂದು ಕೆಲಸಕ್ಕ ಇಷ್ಟು ತಾಸು ಅಂತ ಕಡ್ಡಾಯ ಐತಿ, ಹಂಗಾಗಿ ಕಡೀ ವಾರದಾಗ ಓಡ್ಯಾಡಿದ್ರ ಆಗೂದಿಲ್ಲ. ಮೊದಲನೇ ವರ್ಷದಿಂದ ಒಂದು ಫೈಲ್ ಇಡ್ರಿ. ಫೋಟೋ, ರಿಪೋರ್ಟ್, ಸಹಿ, ಅವತ್ತಿಂದು ಅವತ್ತ.

ಇನ್ನ ಪಾಸ್ ಆಗೋದ್ರಾಗ ಒಂದು ಗುಂಡಿ ಐತಿ. ಇದನ್ನ ನೋಡಿ ನಾ ಎರಡು ಸಲ ಕೂಡಿಸಿದೆ.

(ಸ್ಕ್ರೀನ್ ಮ್ಯಾಲ: 20 + 18 = 38)

ಇಂಟರ್ನಲ್, ಅಂದ್ರ ಸೆಮ್ ನಡಿಯೋವಾಗ ಕಾಲೇಜಿನವ್ರ ಕೊಡೋ ಮಾರ್ಕ್ಸ್, 50ಕ್ಕ ಕನಿಷ್ಠ 20. ಸೆಮ್ ಕೊನಿ ಪರೀಕ್ಷಾದ್ದು 100ರಿಂದ 50ಕ್ಕ ಇಳಿಸಿದ ಮ್ಯಾಲ ಕನಿಷ್ಠ 18. ಎರಡೂ ಬಂದ್ವು, ಪಾಸ್ ಅಲ್ಲೇನ್ರೀ? ಅಲ್ಲ! ಎರಡೂ ಕೂಡಿ 40 ಆಗಬೇಕು. ಇಲ್ಲಿ 38. ಇದರಾಗೂ ಪಾಸು, ಅದರಾಗೂ ಪಾಸು, ಸಬ್ಜೆಕ್ಟ್ ಮಾತ್ರ ಫೇಲು. ನಮ್ಮವ್ವಗ ಇದನ್ನ ತಿಳಿಸಾಕ ಅರ್ಧ ತಾಸು ಹಿಡೀತು. ಕಡೀಕ ಆಕಿ ಅಂದ್ಲು, "ಹುಡುಗಿ ಒಪ್ಪ್ಯಾಳ, ಹುಡುಗ ಒಪ್ಪ್ಯಾನ, ಜಾತಕ ಕೂಡಿಲ್ಲ ಅನ್ನು." ಹೂಂ ಯವ್ವಾ, ಅದ.

ಹಂಗಾಗಿ ಇಂಟರ್ನಲ್‌ದಾಗ 20ಕ್ಕ ನಿಂದರಬ್ಯಾಡ್ರಿ, 22 ಮುಟ್ಟಿಸ್ರಿ. ಆವಾಗ ಪರೀಕ್ಷಾದಾಗ ಬರೇ 18 ಬಂದ್ರೂ ದಡ ಸೇರ್ತೀರಿ. 20ಕ್ಕಿಂತ ಕೆಳಗ ಇಳದ್ರಂತೂ ಪರೀಕ್ಷಾಕ್ಕ ಕೂಡ್ಸೂದಿಲ್ಲ.

ಅಟೆಂಡೆನ್ಸ್. 85 ಪರ್ಸೆಂಟ್. ಪರ್ಸೆಂಟ್ ಬಿಡ್ರಿ, ಕ್ಲಾಸ್ ಎಣಿಸ್ರಿ. 40 ತಾಸಿನ ಒಂದು ಸಬ್ಜೆಕ್ಟಿಗೆ 34 ಕುಂಡ್ರಬೇಕು. ತಪ್ಪಿಸಾಕ ಸಿಗೋದು ಆರು. ವಾರಕ್ಕ ಮೂರು ಕ್ಲಾಸ್ ಅಂದ್ರ ಎರಡ ವಾರ! ವಿಜಯಪುರದಾಗ ಸಿದ್ಧೇಶ್ವರ ಜಾತ್ರಿ, ಬಾದಾಮಿ ಬನಶಂಕರಿ ಜಾತ್ರಿ, ಬಾಗಲಕೋಟಿ ಹೋಳಿ ಅಂದ್ರ ಒಂದ ದಿನಕ್ಕ ಮುಗಿಯೋ ಬಾಬತ್ತಲ್ಲ, ಮ್ಯಾಲ ಚಿಕ್ಕಪ್ಪನ ಮಗಳ ಮದಿವಿ. ಜಡ್ಡಾದ್ರ ಎಲ್ಲಿ ಉಳೀತು? ಹೋಳಿ ಬಿಡ್ರಿ ಅಂತ ನಾ ಹೇಳಾಂವ ಅಲ್ಲ, ಬಣ್ಣಾ ಆಡದ ಎಂಜಿನಿಯರ್ ಆದ್ರ ಏನ್ ಬಂತು. ಆದ್ರ ಆರೂ ಜನವರಿದಾಗ ಖರ್ಚು ಮಾಡಬ್ಯಾಡ್ರಿ.

ವಿಡಿಯೋ ಉದ್ದ ಆತು, ಎಡಿಟ್ ಮಾಡೋ ತಮ್ಮ ಕೈ ತೋರಿಸಾಕತ್ತಾನ. ಉಳಿದದ್ದು ಒಂದ ಉಸಿರಿನ್ಯಾಗ. ರಿಸಲ್ಟ್ ಬಂದ ಮ್ಯಾಲ ರೀವ್ಯಾಲ್ಯುಯೇಷನ್ (ಮರು ಮೌಲ್ಯಮಾಪನ) ಅರ್ಜಿಗೆ ಸಿಗೋದು ಕೆಲವ ದಿನ, ಅಳಾಕ ಒಂದ ದಿನ ಇಟ್ಕೊಂಡು ಮರುದಿನ ಅರ್ಜಿ ಹಾಕ್ರಿ. ಬ್ಯಾಕ್ ಉಳದ್ರ ಮುಂದಿನ ಸಲಾನ ಫೀ ತುಂಬ್ರಿ, ಗಣಿತದ್ದಂತೂ ಹಳೇದು ತಿಳೀಲಿಲ್ಲಂದ್ರ ಮುಂದಿಂದೂ ತಿಳಿಯೂದಿಲ್ಲ. ಎಸ್‌ಎಸ್‌ಪಿ, ಅಂದ್ರ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್‌ದಾಗಿನ ಅರ್ಜಿ ತಪ್ಪಿಸಬ್ಯಾಡ್ರಿ, ಫೀ ಬಾಕಿ ಆಗಿ ಮನಿ ಹಿಡದವ್ರನ್ನ ನಾ ನೋಡೀನಿ. ಮತ್ತ ಗ್ರೇಡ್ ಕಾರ್ಡಿನ್ಯಾಗ ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಈಗ ನೋಡ್ಕೋರಿ, ಎಂಟನೇ ಸೆಮ್‌ದಾಗಲ್ಲ.

ಈ ಉದ್ರಿ ಪುಸ್ತಕ ತಂದದ್ದಕ್ಕ ಒಂದು ಕಾರಣ ಐತಿ. ಎಡಕ್ಕ ಗಳಿಸಿದ ಕ್ರೆಡಿಟ್, ಬಲಕ್ಕ ಬಾಕಿ, ಕೆಳಗ ಆಕ್ಟಿವಿಟಿ ಪಾಯಿಂಟ್. ಸೆಮಿಸ್ಟರಿಗೆ ಒಂದ ಪಾನ. ಶೆಟ್ಟರು ಎರಡ ರೂಪಾಯಿ ಬೆಂಕಿಪಟ್ಣದ್ದೂ ಬರೀತಾರ, ನೀವು 160 ಬರೀರಿ.

ನಮ್ಮ ಹುಡುಗ ಏನ್ ಮಾಡಿದ ಅಂತೀರಿ? ಅವಂದು 80 ಆಗಿತ್ತು, ಇನ್ನ 20 ಕಮ್ಮಿ. ಊರ ಸಾಲ್ಯಾಗ ಮಕ್ಕಳಿಗೆ ಕಲಿಸಿದ, ಗಿಡಾ ಹಚ್ಚಿದ. ನಿನ್ನೆ ಫೈಲ್ ಕಳಿಸ್ಯಾನ. ನೋಡಿದ್ರ, ಎರಡು ಬ್ಯಾರೆ ಬ್ಯಾರೆ ತಾರೀಖಿನ ಫೋಟೋದಾಗ ಅಂಗಿ ಬದಲಾಗೈತಿ, ಬೇವಿನ ಸಸಿ ಅದ ಒಂದ! ಲೇ ತಮ್ಮಾ, ಇನ್ನೊಂದು ಸಸಿ ಹಚ್ಚೋ. ಮ್ಯಾಲ ಕುಂತವ್ರಿಗೂ ಕಣ್ಣ ಅದಾವ.