ಬಿಲ್ಲಿಗೆ ಮರ ಹುಡುಕುವಾಗ

ಎಲ್ಲರಿಗೂ ನಮಸ್ಕಾರ.

ಬಿಲ್ಲು ಮಾಡಬೇಕೆಂದು ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಮರ ಒಳ್ಳೆಯದು? ಕೂಡಲೇ ಯೂ, ಓಸೇಜ್ ಆರೆಂಜ್, ಹಿಕರಿ ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. ಅವು ತಾವಿರುವ ಕಡೆ ಬೆಳೆಯುವುದಿಲ್ಲ ಎಂದು ತಿಳಿದಾಗ ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಬೇಟೆಯ ಬಿಲ್ಲು ಬೆಳೆದು ಬಂದದ್ದೇ ಕೈಗೆಟಕುವ ದೂರದಲ್ಲಿದ್ದ ಮರದಿಂದ.

ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜೌಗು ನೆಲದಲ್ಲಿ 1944ರಲ್ಲಿ ಸಿಕ್ಕ ಬಿಲ್ಲುಗಳನ್ನೇ ನೋಡಿ. ಸುಮಾರು 9,000 ವರ್ಷ ಹಳೆಯ ಅವು ಎಲ್ಮ್ ಮರದವು. ಎಲ್ಮ್ ಎಳೆತಕ್ಕೆ ಗಟ್ಟಿ, ಒತ್ತಡಕ್ಕೆ ಅಷ್ಟೇನಲ್ಲ. ಹಾಗಾಗಿ ತೋಳುಗಳನ್ನು, ಅಂದರೆ ಹಿಡಿಯ ಎರಡೂ ಬದಿಯ ಬಾಗುವ ಭಾಗಗಳನ್ನು, ಅಗಲವಾಗಿ, ಚಪ್ಪಟೆಯಾಗಿ ಕೆತ್ತಿದ್ದಾರೆ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಪತ್ತೆಯಾದ ಓಟ್ಸಿ ಎಂಬ ಪುರಾತನ ಮನುಷ್ಯನ ಶವದ ಬಳಿ ಇದ್ದದ್ದು ಯೂ ಮರದ, ಇನ್ನೂ ಕೆತ್ತಿ ಮುಗಿಸದ ಬಿಲ್ಲು, ಸುಮಾರು 1.8 ಮೀಟರ್ ಉದ್ದದ್ದು. ಆಫ್ರಿಕಾದ ಕಲಹರಿ ಮರುಭೂಮಿಯ ಸಾನ್ ಬೇಟೆಗಾರರು ಗ್ರೂವಿಯಾ ಕುಲದ ಪೊದೆಗಳನ್ನು ಬಳಸಿದರು. ನಮ್ಮ ತಡಸಲು ಮರವೂ ಅದೇ ಕುಲಕ್ಕೆ ಸೇರಿದ್ದು. ಮರವೇ ಬೆಳೆಯದ ಆರ್ಕ್ಟಿಕ್ ದಡದಲ್ಲಿ ಇನೂಯಿಟ್ ಜನ ಸಮುದ್ರದಲ್ಲಿ ತೇಲಿಬಂದ ಮರವನ್ನು ಆಯ್ದು, ಅದರ ಬೆನ್ನಿಗೆ ಪ್ರಾಣಿಗಳ ಸ್ನಾಯುವಿನ ಹುರಿ ಬಿಗಿದು ಬಿಲ್ಲು ಮಾಡಿಕೊಂಡರು. ಸಿಕ್ಕ ಮರದ ಕೊರತೆಯನ್ನು ಹುರಿ ತುಂಬಿಕೊಟ್ಟಿತು.

ಒಂದೇ ಮರದ ಹೆಸರಿಗೆ ಅಂಟಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ಚರಿತ್ರೆಯಲ್ಲಿ ಉದಾಹರಣೆ ಇದೆ. ಯುದ್ಧದ ಬಿಲ್ಲುಗಳಿಗೆ ಯೂ ಸಾಲದೆ, ಇಂಗ್ಲೆಂಡ್ 1472ರಲ್ಲಿ ತನ್ನ ಬಂದರಿಗೆ ಬರುವ ಹಡಗುಗಳು ಪ್ರತಿ ಟನ್ ಸರಕಿಗೆ ಬಿಲ್ಲು ಕೆತ್ತಲು ನಾಲ್ಕು ಮರದ ತುಂಡು ತರಲೇಬೇಕೆಂದು ಕಾನೂನು ಮಾಡಿತು. ಆ ಬೇಡಿಕೆಗೆ ಬವೇರಿಯಾ, ಆಸ್ಟ್ರಿಯಾಗಳ ಯೂ ಕಾಡು ಬರಿದಾಯಿತು.

ಈಗ ಮರದೊಳಗೆ ಏನು ನಡೆಯುತ್ತದೆ ನೋಡೋಣ. ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಮೈ, ಅಂದರೆ ಬೆನ್ನು, ಹಿಗ್ಗುತ್ತದೆ. ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಬೆನ್ನು ಸೋತರೆ ಬಿಲ್ಲು ಮುರಿಯುತ್ತದೆ, ಹೊಟ್ಟೆ ಸೋತರೆ ಬಾಗಿದ್ದು ಬಾಗಿದ ಹಾಗೇ ಉಳಿದುಬಿಡುತ್ತದೆ. ಇನ್ನೊಂದು ಲೆಕ್ಕ: ತೋಳಿನ ಅಗಲ ಎರಡರಷ್ಟಾದರೆ ಬಿಗಿ ಎರಡರಷ್ಟಾಗುತ್ತದೆ, ದಪ್ಪ ಎರಡರಷ್ಟಾದರೆ ಎಂಟರಷ್ಟಾಗುತ್ತದೆ. ದಪ್ಪ ಹೆಚ್ಚಿದಷ್ಟೂ ಬೆನ್ನು ಮತ್ತು ಹೊಟ್ಟೆಯ ಮೇಲಿನ ಹಿಂಸೆಯೂ ಹೆಚ್ಚು. ಹಾಗಾಗಿ ಸಾಧಾರಣ ಮರ ಸಿಕ್ಕಿತೋ, ತೋಳನ್ನು ಅಗಲ ಮಾಡಿ, ದಪ್ಪ ಇಳಿಸಿ, ಉದ್ದವನ್ನೂ ಸ್ವಲ್ಪ ಹೆಚ್ಚು ಇಡಿ. ಯೂ ಮರದಲ್ಲಿ ಸಣ್ಣ ಅಗಲಕ್ಕೇ ಆಗುವ ಕೆಲಸ ಹಗುರ ಮರದಲ್ಲಿ ಮೂರು ಬೆರಳಗಲಕ್ಕೆ ಆಗುತ್ತದೆ. ಜಾತಿಗಿಂತ ಅಳತೆ ದೊಡ್ಡದು ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಹಾಗೆಂದು ಕಂಡ ಮರವೆಲ್ಲ ಆಗುವುದಿಲ್ಲ. ಒಂದೇ ಜಾತಿಯ ಎರಡು ಮರಗಳಲ್ಲೂ ಒಂದು ಬಿಲ್ಲಾಗುತ್ತದೆ, ಇನ್ನೊಂದು ಸೌದೆಗೆ ಹೋಗುತ್ತದೆ. ಬಯಲಲ್ಲಿ ಒಂಟಿಯಾಗಿ ಬೆಳೆದ ಮರಕ್ಕೆ ಕೆಳಗಿನಿಂದಲೇ ಕೊಂಬೆ, ಕೊಂಬೆ ಇದ್ದಲ್ಲೆಲ್ಲ ಗಂಟು. ಒತ್ತಾಗಿ ಬೆಳೆದ ಮರಗಳ ನಡುವೆ ಬೆಳಕಿಗಾಗಿ ನೆಟ್ಟಗೆ ಮೇಲೇರಿದ್ದನ್ನು ಹುಡುಕಿ. ಆರೇಳು ಅಡಿ ಉದ್ದಕ್ಕೆ ಗಂಟಿಲ್ಲದ ಕಾಂಡ, ಹತ್ತು ಹದಿನೈದು ಸೆಂಟಿಮೀಟರ್ ದಪ್ಪ ಇದ್ದರೆ ಸಾಕು. ಅದಕ್ಕಿಂತ ಸಣ್ಣ ಎಳೆ ಮರವೂ ನಡೆಯುತ್ತದೆ. ಕಡಿದ ಬುಡದಿಂದ ಚಿಗುರಿ ನೆಟ್ಟಗೆದ್ದ ಕೋಲು ಸಿಕ್ಕರಂತೂ ಅದೃಷ್ಟ, ಮರವೂ ಉಳಿಯುತ್ತದೆ.

ತೊಗಟೆಯನ್ನು ಹತ್ತಿರದಿಂದ ನೋಡುವುದನ್ನು ದಯವಿಟ್ಟು ರೂಢಿ ಮಾಡಿಕೊಳ್ಳಿ. ಅದರ ಬಿರುಕುಗಳು ಬುಡದಿಂದ ಮೇಲಕ್ಕೆ ನೇರ ಹೋಗಿದ್ದರೆ ಒಳಗಿನ ನಾರೂ ಬಹುಮಟ್ಟಿಗೆ ನೇರ. ಹಗ್ಗದ ಪುರಿಯ ಹಾಗೆ ಕಾಂಡವನ್ನು ಸುತ್ತಿಕೊಂಡು ಏರಿದ್ದರೆ ಆ ಮರವನ್ನು ಬಿಟ್ಟುಬಿಡಿ. ಸೀಳಿದಾಗ ತುಂಡೂ ಅದೇ ರೀತಿ ತಿರುಚಿಕೊಂಡೇ ಬರುತ್ತದೆ. ಬಾಗಿ ನಿಂತ ಅಗಲ ಎಲೆಯ ಮರವಾದರೆ ಮೇಲ್ಮುಖದ ಮೈಯನ್ನು ಬೆನ್ನಿಗೆ ಇಡಿ. ಅಲ್ಲಿ ಮರ ತನ್ನ ಭಾರ ಎಳೆದು ಹಿಡಿಯಲು ಬೇರೆ ಬಗೆಯ ನಾರನ್ನೇ ಕಟ್ಟಿಕೊಂಡಿರುತ್ತದೆ.

ಗೊತ್ತಿಲ್ಲದ ಜಾತಿಯನ್ನು ಪರೀಕ್ಷಿಸಲು ಬೆರಳು ದಪ್ಪದ ತುಂಡು ಸಾಕು. ಗರಗಸದಿಂದ ಕುಯ್ಯಬೇಡಿ, ನಾರಿನುದ್ದಕ್ಕೆ ಸೀಳಿ ತೆಗೆಯಿರಿ, ಚೆನ್ನಾಗಿ ಒಣಗಲು ಬಿಡಿ. ಹಸಿ ಕೊಂಬೆ ಬಾಗಿತೆಂದು ಹಿಗ್ಗಬೇಡಿ, ಹಸಿಯಾಗಿದ್ದಾಗ ಬಹುತೇಕ ಎಲ್ಲವೂ ಬಾಗುತ್ತವೆ. ಒಣಗಿದ ಮೇಲೆ ನಿಧಾನವಾಗಿ ಬಗ್ಗಿಸಿ, ಮುರಿಯುವವರೆಗೂ ಬಗ್ಗಿಸಿ. ಉದ್ದುದ್ದ ಸಿಬಿರೆದ್ದು ನಾರುನಾರಾಗಿ ಮುರಿದರೆ ಒಳ್ಳೆಯ ಲಕ್ಷಣ. ಪಟ್ಟನೆ ಅಡ್ಡಕ್ಕೆ ತುಂಡಾದರೆ ಆ ಮರದ ಆಸೆ ಬಿಡಿ. ಮುರಿಯುವ ಮೊದಲೇ ಬಾಗಿ ಬಾಗಿದಂತೆಯೇ ನಿಂತರೆ, ಅದಕ್ಕೆ ಅಗಲದ ತೋಳು ಬೇಕು ಎಂದರ್ಥ.

ಕಡಿಯುವ ಮುನ್ನ ಜಾಗದ ಒಡೆಯರ ಒಪ್ಪಿಗೆ ಬೇಕೇ ಬೇಕು. ಬೇಟೆಯ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಅದನ್ನೂ ತಿಳಿದಿರಿ. ಮರದ ವಿಷದ ಬಗ್ಗೆಯೂ ಎಚ್ಚರ: ಯೂ ಮರದ ಪುಡಿ ಉಸಿರಿಗೆ ಹೋಗಬಾರದು, ಮುಖಕ್ಕೆ ಮಾಸ್ಕ್ ಇರಲಿ.

ಕಡಿದ ದಿನವೇ ಎರಡೂ ತುದಿಗೆ ಮೇಣವನ್ನೋ ಮರದ ಗೋಂದನ್ನೋ ಬಳಿಯಿರಿ. ನೀರು ತುದಿಗಳಿಂದ ಬೇಗ ಆರುತ್ತದೆ, ಬಿರುಕು ಅಲ್ಲಿಂದಲೇ ಶುರು. ಬೆಣೆ ಹೊಡೆದು ಉದ್ದಕ್ಕೆ ಸೀಳಿ, ನೆರಳಲ್ಲಿ ಗಾಳಿಯಾಡುವಂತೆ ಇಡಿ. ತೊಗಟೆಯ ಕೆಳಗಿನ ಮೊದಲ ಬಳೆಯೇ (ವರ್ಷವರ್ಷವೂ ಮರ ಬೆಳೆದ ಉಂಗುರ) ಎಲ್ಮ್, ಆಶ್, ಹಿಕರಿಗಳಲ್ಲಿ ಬಿಲ್ಲಿನ ಬೆನ್ನು. ಅದಕ್ಕೆ ಉಳಿ ತಾಗಿಸಬಾರದು. ಹಿಪ್ಪುನೇರಳೆ, ಓಸೇಜ್‌ಗಳಲ್ಲಿ ಹೊರಗಿನ ಬಿಳಿ ಭಾಗ ತೆಗೆದು, ಚೇಗಿನ, ಅಂದರೆ ಒಳಗಿನ ಗಟ್ಟಿ ತಿರುಳಿನ, ಒಂದೇ ಬಳೆಯನ್ನು ತುದಿಯಿಂದ ತುದಿಗೆ ಕಡಿಯದಂತೆ ಹಿಂಬಾಲಿಸುತ್ತಾರೆ. ಬಳೆ ಕತ್ತರಿಸಿದ ಜಾಗದಲ್ಲಿ ನಾರು ಮೇಲೇಳುತ್ತದೆ, ಬಿಲ್ಲು ಸೀಳುವುದು ಅಲ್ಲೇ.

ಒಣಗಿತೋ ಇಲ್ಲವೋ ಎಂದು ಕೈಯಲ್ಲಿ ಹಿಡಿದು ಊಹಿಸಬೇಡಿ. ವಾರಕ್ಕೊಮ್ಮೆ ತೂಗಿ, ತುಂಡಿನ ಮೇಲೇ ಬರೆದಿಡಿ. ತೂಕ ಇಳಿಯುವುದು ನಿಂತಾಗ ಮರ ಸುತ್ತಲ ಗಾಳಿಯ ತೇವಕ್ಕೆ ಹೊಂದಿಕೊಂಡಿರುತ್ತದೆ. ಬಿಲ್ಲಿಗೆ ಸುಮಾರು ಶೇಕಡಾ 8ರಿಂದ 10ರಷ್ಟು ತೇವ ಹದ. ಅದಕ್ಕಿಂತ ಹೆಚ್ಚಿದ್ದರೆ ಬಾಗಿ ನಿಲ್ಲುತ್ತದೆ, ತೀರ ಕಡಿಮೆಯಾದರೆ ಮುರಿಯುತ್ತದೆ.

ನಿಮ್ಮಲ್ಲಿ ಕೆಲವರು ಕೊಂಬೆ, ಸೀಳು ತಂದಿದ್ದೀರಿ. ಒಂದೊಂದಾಗಿ ಮುಂದೆ ತನ್ನಿ, ನಾರು ನೋಡೋಣ.